ಕಿಂದರಿಜೋಗಿಯ ಹಿಂದೆ ಹೋದ ಮಕ್ಕಳು: ಪ್ರಾಥಮಿಕ ಪಠ್ಯಕ್ರಮದಲ್ಲಿ ಕಿನ್ನರಕಥೆಯ ಸ್ಥಾನ

೧

ಕೆಲವು ವರ್ಷಗಳ ಹಿಂದೆ ಮುಂಬಯಿಯ ಒಂದು ಕನ್ನಡ ಮಾಧ್ಯಮ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಅರ್ಧ ದಿನ ಕುಳಿತಿರುವ ಅವಕಾಶ ನನಗೆ ಒದಗಿತ್ತು. ಅಂದು ಅಲ್ಲಿಯ ಅಧ್ಯಾಪಕಿಯರು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಓದಿಸುತ್ತಿದ್ದರು. ಓದು ಸೊಗಸಾಗಿತ್ತು. ಇಲಿಗಳ ಪಟ್ಟಿ ಬಂದಾಗ ಮಕ್ಕಳು ಬೆಂಚು ಬಡಿದು ತಾಳ ಹಾಕಿದರು. ಪದ್ಯ ಮುಗಿದ ಮೇಲೆ ಅಧ್ಯಾಪಕಿಯರು ಕಠಿಣ ಪದಗಳ ಅರ್ಥವನ್ನು ಬರೆಸಿದರು. ಅನಂತರ ಕಪ್ಪುಹಲಗೆಯ ಮೇಲೆ ನೀತಿಯನ್ನು ಬರೆದರು: ಕೊಟ್ಟ ಮಾತಿಗೆ ತಪ್ಪಬಾರದು. ಎಲ್ಲರೂ ಅದನ್ನು ನಕಲು ಮಾಡಿಕೊಂಡರು. ಆಗ ಕೊನೆಯ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತು, ಮಾತಿಗೆ ತಪ್ಪಿದವನು ಗೌಡನಲ್ಲವೇ, ಮಕ್ಕಳು ಏಕೆ ಹೋಗಬೇಕಾಯಿತು ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಮುಂದಿನದು ಗಣಿತದ ಅವಧಿ. ಪ್ರಶ್ನೆ ಅಲ್ಲಿಯೇ ಉಳಿಯಿತು.

ಆ ಅಧ್ಯಾಪಕಿಯರನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಅವರು ಮಾಡಿದ್ದು ನಾವೆಲ್ಲರೂ ಮಾಡುತ್ತ ಬಂದಿರುವುದನ್ನೇ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕಥೆಗೆ ಎರಡೇ ಕೆಲಸಗಳನ್ನು ವಹಿಸಲಾಗಿದೆ: ಹೊಸ ಪದಗಳನ್ನು ಕಲಿಸುವುದು ಮತ್ತು ಕೊನೆಯಲ್ಲಿ ಒಂದು ನೀತಿಯನ್ನು ಒಪ್ಪಿಸುವುದು. ಗಂಟೆ ಬಾರಿಸಿದೊಡನೆ ಕಥೆ ಭಾಷೆಯ ಪುಸ್ತಕದೊಳಗೆ ಮುಚ್ಚಿಹೋಗುತ್ತದೆ. ಗಣಿತ, ಪರಿಸರ, ಇತಿಹಾಸ, ಚಿತ್ರಕಲೆಗಳು ತಮ್ಮ ತಮ್ಮ ಅವಧಿಗಳಲ್ಲಿ ಬೇರೆಬೇರೆಯಾಗಿ ನಡೆಯುತ್ತವೆ. ಆದರೆ ಮಗುವಿನ ಮನಸ್ಸಿನಲ್ಲಿ ಇಂಥ ಅವಧಿಗಳಿರುವುದಿಲ್ಲ. ಆ ಹುಡುಗಿಯ ಪ್ರಶ್ನೆ ಗಣಿತದ ಅವಧಿಯಲ್ಲಿಯೂ ಅವಳ ಜೊತೆಗೇ ಇದ್ದಿರಬೇಕು.

ಕಿನ್ನರಕಥೆಯನ್ನು ಭಾಷಾಪಾಠದ ಚೌಕಟ್ಟಿನಿಂದ ಬಿಡಿಸಿ, ಪ್ರಾಥಮಿಕ ಪಠ್ಯಕ್ರಮದ ಎಲ್ಲ ವಿಷಯಗಳ ಮೂಲಕ ಹಾಯಿಸುವುದು ಹೇಗೆ, ಹೊರನಾಡಿನ ಕನ್ನಡ ಮಗುವಿಗೆ ಅದರಿಂದ ಏನು ದೊರೆಯಬಹುದು ಎಂಬುದನ್ನು ಮೂರು ಕಥೆಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. 'ಕಿನ್ನರಕಥೆ' ಎಂಬ ಪದವನ್ನು ಇಲ್ಲಿ ವಿಶಾಲಾರ್ಥದಲ್ಲಿ ಬಳಸಿದೆ. ನಮ್ಮ ಅಜ್ಜಿಕಥೆ, ಅಡಗೂಲಜ್ಜಿಯ ಕಥೆ ಎಂಬ ಮಾತುಗಳೂ, ಜರ್ಮನರು 'ಮೇರ್ಷೆನ್' ಎಂದು ಕರೆಯುವ ಪ್ರಕಾರವೂ ಅದರಲ್ಲಿ ಅಡಕವಾಗಿವೆ. ಈ ಕಥೆಗಳಲ್ಲಿ ಗಂಧರ್ವಕಿನ್ನರರು ಇರಲೇಬೇಕೆಂದಿಲ್ಲ. ಅಸಂಭವವಾದದ್ದು ಸಹಜವೆಂಬಂತೆ ನಡೆಯಬೇಕು, ಅಷ್ಟೆ.

೨

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಕಿನ್ನರಕಥೆ ಮಕ್ಕಳಿಗಾಗಿಯೇ ಹುಟ್ಟಿದ ಪ್ರಕಾರವಲ್ಲ. ೧೬೯೭ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಪೆರೋ ಪ್ರಕಟಿಸಿದ ಎಂಟು ಗದ್ಯಕಥೆಗಳ ಸಂಗ್ರಹದಲ್ಲಿ ಸಿಂಡರೆಲಾ, ಕೆಂಪು ಟೋಪಿಯ ಹುಡುಗಿ, ನಿದ್ರಾಸುಂದರಿಯರು ಇದ್ದಾರೆ. ಆದರೆ ಆ ಸಂಗ್ರಹದ ಮುಖ್ಯ ಓದುಗರು ಅರಮನೆಯ ಸುತ್ತಮುತ್ತಲಿನ ನಾಗರಿಕರು. ಪ್ರತಿ ಕಥೆಯ ಕೊನೆಗೂ ಪದ್ಯರೂಪದ ನೀತಿಯನ್ನು ಸೇರಿಸಿದವನು ಪೆರೋ. ನಮ್ಮ ಕಪ್ಪುಹಲಗೆಯ ನೀತಿವಾಕ್ಯಕ್ಕೆ ಅಲ್ಲಿಯೂ ಒಬ್ಬ ಪೂರ್ವಜನಿದ್ದಾನೆ. ವಿಚಿತ್ರವೆಂದರೆ ಕೆಲವು ಕಥೆಗಳಿಗೆ ಅವನು ಎರಡೆರಡು ನೀತಿಗಳನ್ನು ಕೊಟ್ಟಿದ್ದಾನೆ. ಎರಡನೆಯದು ಮೊದಲನೆಯದನ್ನು ಮೆಲ್ಲಗೆ ಗೇಲಿ ಮಾಡುತ್ತದೆ. ಒಂದು ಕಥೆಗೆ ಒಂದೇ ನೀತಿ ಎಂಬ ನಮ್ಮ ಶಾಲೆಯ ನಂಬಿಕೆ ಪೆರೋವಿಗೂ ಪೂರ್ಣವಾಗಿ ಇರಲಿಲ್ಲ.

ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಸಹೋದರರ ಸಂಗ್ರಹದ ಮೊದಲ ಸಂಪುಟ ೧೮೧೨ರಲ್ಲಿ, ಎರಡನೆಯದು ೧೮೧೫ರಲ್ಲಿ ಹೊರಬಂದವು. ಅವರು ಮೂಲತಃ ಭಾಷಾಶಾಸ್ತ್ರಜ್ಞರು. ಜರ್ಮನ್ ಭಾಷೆಯ ಬೃಹತ್ ನಿಘಂಟಿಗೆ ಅಡಿಪಾಯ ಹಾಕಿದವರೂ ಅವರೇ. ಪದಗಳನ್ನು ಕೂಡಿಸುವ ಕೆಲಸವೂ ಕಥೆಗಳನ್ನು ಕೂಡಿಸುವ ಕೆಲಸವೂ ಅವರಿಗೆ ಒಂದೇ ಉದ್ಯಮದ ಎರಡು ಮುಖಗಳಾಗಿದ್ದವು. ಮೊದಲ ಆವೃತ್ತಿ ಅಡಿಟಿಪ್ಪಣಿಗಳಿಂದ ತುಂಬಿದ ವಿದ್ವತ್‌ಗ್ರಂಥವಾಗಿತ್ತು. ಇದು ಮಕ್ಕಳ ಕೈಗೆ ಕೊಡತಕ್ಕದ್ದಲ್ಲ ಎಂಬ ಆಕ್ಷೇಪ ಬಂದಾಗ ವಿಲ್ಹೆಲ್ಮ್ ತಿದ್ದತೊಡಗಿದನು. ೧೮೨೫ರಲ್ಲಿ ೫೦ ಕಥೆಗಳ ಸಣ್ಣ ಆವೃತ್ತಿ ಮಕ್ಕಳಿಗಾಗಿಯೇ ಬಂದಿತು. ೧೮೫೭ರ ಏಳನೆಯ ಆವೃತ್ತಿಯ ವೇಳೆಗೆ ಕಥೆಗಳ ಸ್ವರೂಪವೇ ಬದಲಾಗಿತ್ತು. ಮೊದಲ ಆವೃತ್ತಿಯಲ್ಲಿ ಹಿಮಸುಂದರಿಯನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. ೧೮೧೯ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. ಹಾನ್ಸೆಲ್ ಮತ್ತು ಗ್ರೆಟೆಲರ ತಾಯಿಯೂ ಮುಂದೆ ಇದೇ ರೀತಿ ಮಲತಾಯಿಯಾದಳು.

ಈ ಇತಿಹಾಸ ಶಿಕ್ಷಕರಿಗೆ ಏಕೆ ಬೇಕು? ಏಕೆಂದರೆ ಕಥೆಗೆ ಒಂದೇ ಒಂದು 'ಸರಿಯಾದ' ಪಾಠವಿದೆ ಎಂಬ ಭ್ರಮೆ ಇದರಿಂದ ಕಳಚುತ್ತದೆ. ಹೇಳುವವರು, ಕೇಳುವವರು, ಕಾಲ, ದೇಶ ಬದಲಾದಂತೆ ಕಥೆ ಬದಲಾಗುತ್ತದೆ. ಮಲತಾಯಿಯರೆಲ್ಲ ಕೆಟ್ಟವರೆಂದು ಕಥೆ ಹೇಳುತ್ತಿಲ್ಲ. ತಾಯಿ ಕೆಟ್ಟವಳಾಗಿರಬಹುದೆಂದು ಒಪ್ಪಲಾರದ ಒಬ್ಬ ಸಂಪಾದಕ ಮಲತಾಯಿಯನ್ನು ತಂದು ನಿಲ್ಲಿಸಿದ್ದಾನೆ. ತರಗತಿಯಲ್ಲಿ ಮಲತಾಯಿಯೊಡನೆ ಬೆಳೆಯುತ್ತಿರುವ ಒಂದು ಮಗುವಾದರೂ ಇರಬಹುದು. ಈ ಸಂಗತಿ ತಿಳಿದ ಶಿಕ್ಷಕರು ಆ ಕಥೆಯನ್ನು ಹೇಳುವ ರೀತಿಯೇ ಬೇರೆಯಾಗಿರುತ್ತದೆ.

ಆದ್ದರಿಂದ ನಾನು ಸೂಚಿಸುವ ಕ್ರಮದ ಮೊದಲ ಸೂತ್ರ ಇದು: ಒಂದು ಕಥೆಯನ್ನು ಒಂಟಿಯಾಗಿ ಕಲಿಸಬಾರದು, ಅದರ ಪಾಠಾಂತರದೊಡನೆ ಜೋಡಿಸಿ ಕಲಿಸಬೇಕು. ಎರಡು ಪಾಠಗಳನ್ನು ಹೋಲಿಸಿ ನೋಡಿದಾಗ ಮಗು ತಾನಾಗಿಯೇ ವಿಮರ್ಶೆಯ ಮೊದಲ ಮೆಟ್ಟಿಲನ್ನು ಹತ್ತುತ್ತದೆ.

೩

ಅತ್ಯಂತ ಸರಳವಾದ ನಿದರ್ಶನದಿಂದ ಆರಂಭಿಸಬಹುದು. ಕಾಗಕ್ಕ ಗುಬ್ಬಕ್ಕನ ಕಥೆ ಕನ್ನಡದ ಮನೆಮನೆಗಳಲ್ಲಿ ಪ್ರಚಲಿತವಾಗಿದ್ದುದು. ಕಾಗಕ್ಕನ ಮನೆ ಸಗಣಿಯದು, ಗುಬ್ಬಕ್ಕನದು ಗಟ್ಟಿಮುಟ್ಟಾದದ್ದು. ಮಳೆ ಬಂದು ಸಗಣಿಯ ಮನೆ ಕೊಚ್ಚಿಹೋಗುತ್ತದೆ. ಕಾಗೆ ಬಂದು ಬಾಗಿಲು ತಟ್ಟಿದಾಗ ಗುಬ್ಬಿ ಮಗುವಿನ ಒಂದೊಂದು ಆರೈಕೆಯ ನೆಪ ಹೇಳಿ ತಡಮಾಡುತ್ತದೆ. ಮುಂಬಯಿ, ಪುಣೆ, ಸೊಲ್ಲಾಪುರಗಳ ಕನ್ನಡ ಮಗು ಇದೇ ಕಥೆಯನ್ನು ನೆರೆಮನೆಯ ಮರಾಠಿ ಅಜ್ಜಿಯಿಂದ 'ಚಿಮಣಿ ಆಣಿ ಕಾವಳಾ' ಎಂದು ಕೇಳಿರುತ್ತದೆ. ಅಲ್ಲಿ ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಮೇಣದ ಮನೆ. ಇನ್ನು ಇಂಗ್ಲಿಷಿನ ಮೂಲಕ ಮೂರು ಹಂದಿಮರಿಗಳ ಕಥೆಯೂ ಮಗುವಿಗೆ ಗೊತ್ತು. ಜೋಸೆಫ್ ಜೇಕಬ್ಸ್ ೧೮೯೦ರ ತನ್ನ ಸಂಗ್ರಹದಲ್ಲಿ ಸೇರಿಸಿಕೊಂಡು ಪ್ರಸಿದ್ಧಗೊಳಿಸಿದ ಕಥೆ ಅದು. ಅಲ್ಲಿ ಹುಲ್ಲು, ಕಡ್ಡಿ, ಇಟ್ಟಿಗೆಗಳ ಮನೆಗಳಿವೆ; ಮಳೆಯ ಬದಲು ತೋಳನ ಉಸಿರಿದೆ.

ಮೂರು ಕಥೆಗಳನ್ನು ಎದುರಿಗಿಟ್ಟುಕೊಂಡಾಗ ಪಾಠ ತಾನಾಗಿಯೇ ವಿಷಯದಿಂದ ವಿಷಯಕ್ಕೆ ಹರಿಯುತ್ತದೆ. ಸಗಣಿ, ಮೇಣ, ಮಣ್ಣು, ಇಟ್ಟಿಗೆಯ ಚೂರುಗಳನ್ನು ನಾಲ್ಕು ಬಟ್ಟಲು ನೀರಿನಲ್ಲಿಟ್ಟು ಯಾವುದು ಕರಗುತ್ತದೆ, ಯಾವುದು ತೇಲುತ್ತದೆ ಎಂದು ನೋಡುವುದು ವಿಜ್ಞಾನ. ಮೇಣದ ಮನೆ ಮಳೆಗೆ ಜಗ್ಗುವುದಿಲ್ಲ, ಬಿಸಿಲಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುತ್ತಾರೆ. ಯುರೋಪಿನ ಕಥೆಯಲ್ಲಿ ಮನೆಗೆ ಶತ್ರು ತೋಳ, ನಮ್ಮ ಕಥೆಯಲ್ಲಿ ಮಳೆ ಏಕೆ ಎಂಬುದು ಭೂಗೋಲ. ಗುಬ್ಬಿಯ ನೆಪಗಳು ಸರಪಣಿಯಂತೆ ಬೆಳೆಯುವುದರಿಂದ, ಮೊದಲು, ಆಮೇಲೆ, ಕೊನೆಗೆ ಎಂಬ ಅನುಕ್ರಮ ಎಳೆಯ ಮಗುವಿಗೆ ಆಟದಂತೆ ಮನದಟ್ಟಾಗುತ್ತದೆ. ಕನ್ನಡದ 'ಗುಬ್ಬಕ್ಕ' ಎಂಬ ಪದದಲ್ಲಿರುವ ಅಕ್ಕನ ಸಂಬಂಧ ಮರಾಠಿಯ 'ಚಿಮಣಿ'ಯಲ್ಲಿಲ್ಲ. ಇದು ವ್ಯಾಕರಣದ ಹೊರೆಯಿಲ್ಲದ ಭಾಷಾಪಾಠ.

ಆದರೆ ಇದರ ನಡುವೆ ಒಂದು ಮುಳ್ಳು ಇದೆ. ಗಟ್ಟಿ ಮನೆ ಕಟ್ಟಿಕೊಂಡ ಗುಬ್ಬಕ್ಕನನ್ನು ಜಾಣೆ ಎಂದು ಹೊಗಳುವುದು ರೂಢಿ. ಸುರಿಯುವ ಮಳೆಯಲ್ಲಿ ನೆರೆಯವಳನ್ನು ಹೊರಗೆ ನಿಲ್ಲಿಸಿದ್ದು ಸರಿಯೇ ಎಂದು ನಾವು ಕೇಳುವುದಿಲ್ಲ. ೨೦೦೫ರ ಜುಲೈ ೨೬ರ ಮಳೆಯಲ್ಲಿ ಮೀಠಿ ನದಿ ಉಕ್ಕಿ ಮುಂಬಯಿ ಮುಳುಗಿದಾಗ ಅಪರಿಚಿತರಿಗೆ ಬಾಗಿಲು ತೆರೆದವರ ಸಂಗತಿಗಳನ್ನು ಈ ನಗರದ ಪ್ರತಿ ಮನೆಯೂ ಬಲ್ಲುದು. ತಗಡಿನ ಸೂರಿನ ಕೆಳಗೆ ಬೆಳೆಯುವ ಮಗುವಿಗೆ ಕಾಗಕ್ಕ ಸೋಮಾರಿಯಲ್ಲ. ಅವಳಿಗೆ ಸಿಕ್ಕಿದ ಸಾಮಗ್ರಿಯೇ ಅಷ್ಟು. ಈ ದೃಷ್ಟಿಯಿಂದ ಕಥೆಯನ್ನು ಮತ್ತೆ ಹೇಳಿಸಿದರೆ ನೀತಿವಾಕ್ಯಕ್ಕಿಂತ ದೊಡ್ಡದಾದ ಒಂದು ನೈತಿಕ ಚಿಂತನೆ ಮೂರನೆಯ ತರಗತಿಯಲ್ಲಿಯೇ ಆರಂಭವಾಗಬಲ್ಲುದು.

೪

ಇನ್ನು ಕಿಂದರಿಜೋಗಿಯ ಕಡೆಗೆ ಬರಬಹುದು. ಈ ಕಥೆಯ ವಂಶಾವಳಿ ಬಹು ದೀರ್ಘವಾದುದು. ಜರ್ಮನಿಯ ವೇಸರ್ ನದಿಯ ದಂಡೆಯ ಮೇಲಿರುವ ಹಾಮೆಲ್ನ್ ಪಟ್ಟಣದಿಂದ ೧೨೮೪ರ ಜೂನ್ ೨೬ರಂದು ೧೩೦ ಮಕ್ಕಳು ಬಣ್ಣಬಣ್ಣದ ಉಡುಪಿನ ಕೊಳಲುಗಾರನ ಹಿಂದೆ ಹೋಗಿ ಕಾಣೆಯಾದರೆಂಬುದು ಐತಿಹ್ಯ. ಅಲ್ಲಿಯ ಚರ್ಚಿನ ಒಂದು ಕಿಟಕಿಯಲ್ಲಿ ಸುಮಾರು ೧೩೦೦ರಷ್ಟು ಹಿಂದೆಯೇ ಈ ಘಟನೆಯ ಚಿತ್ರವಿತ್ತೆಂದೂ ೧೬೬೦ರಲ್ಲಿ ಅದು ನಾಶವಾಯಿತೆಂದೂ ತಿಳಿದುಬರುತ್ತದೆ. ಹದಿನೈದನೆಯ ಶತಮಾನದ ಲ್ಯೂನೆಬುರ್ಗ್ ಹಸ್ತಪ್ರತಿಯಲ್ಲಿ ಇದರ ಲಿಖಿತ ರೂಪ ದೊರೆಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಹಳೆಯ ದಾಖಲೆಗಳಲ್ಲಿ ಇಲಿಗಳೇ ಇಲ್ಲ. ಇರುವುದು ಮಕ್ಕಳು ಹೋದರು ಎಂಬ ದುಃಖವೊಂದೇ. ಇಲಿಗಳು, ಕೂಲಿಯ ಕರಾರು, ಮಾತಿಗೆ ತಪ್ಪಿದ ಅಧಿಕಾರಿ ಇವೆಲ್ಲ ಹದಿನಾರನೆಯ ಶತಮಾನದ ನಡುಭಾಗದ ಅನಂತರ ಬಂದು ಕೂಡಿಕೊಂಡವು. ಮಕ್ಕಳು ಏಕೆ ಹೋದರು ಎಂಬ ಪ್ರಶ್ನೆಗೆ ಜನ ಕಟ್ಟಿಕೊಂಡ ಉತ್ತರವೇ ಇಲಿಗಳ ಕಥೆ ಎನ್ನಬಹುದು.

ಗ್ರಿಮ್ ಸಹೋದರರು ೧೮೧೬ರ ತಮ್ಮ ಜರ್ಮನ್ ಐತಿಹ್ಯಗಳ ಸಂಗ್ರಹದಲ್ಲಿ ಇದನ್ನು ಸೇರಿಸಿಕೊಂಡರು. ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗನ ೧೮೪೨ರ ಕವನ ಇದನ್ನು ಲೋಕಪ್ರಸಿದ್ಧಗೊಳಿಸಿತು. ನಟ ಮ್ಯಾಕ್ರೆಡಿಯ ಮಗ ಕಾಯಿಲೆ ಬಿದ್ದಿದ್ದಾಗ, ಹಾಸಿಗೆಯಲ್ಲಿ ಕುಳಿತು ಚಿತ್ರ ಬರೆಯಲೆಂದು ಅವನಿಗಾಗಿ ರಚಿತವಾದ ಕವನವದು. ಅಂದರೆ ಚಿತ್ರಕಲೆಯ ಅವಧಿಯೊಡನೆ ಇದರ ಸಂಬಂಧ ಹುಟ್ಟಿನಿಂದಲೇ ಬಂದುದು.

ಕುವೆಂಪು ಅವರು ಇದನ್ನು ಕನ್ನಡಕ್ಕೆ ತಂದ ಬಗೆ ಅನುವಾದದ ಪಾಠಕ್ಕೆ ಮಾದರಿ. ವೇಸರ್ ನದಿ ತುಂಗೆಯಾಯಿತು, ಮೇಯರ್ ಗೌಡನಾದನು, ಕೊಳಲು ಕಿಂದರಿಯಾಯಿತು, ಕೊಳಲುಗಾರ ಜೋಗಿಯಾದನು. ಕಿನ್ನರಿ ನಮ್ಮ ನಾಡಿನ ಪ್ರಾಚೀನ ತಂತಿವಾದ್ಯ; ಶರಣರಲ್ಲಿ ಕಿನ್ನರಿ ಬ್ರಹ್ಮಯ್ಯನೆಂಬ ಹೆಸರೇ ಇದೆ. ಊರೂರು ಅಲೆಯುವ ಜೋಗಿ ಕನ್ನಡದ ಹಳ್ಳಿಗೆ ಅಪರಿಚಿತನಲ್ಲ, ಆದರೆ ಪೂರ್ತಿ ಪರಿಚಿತನೂ ಅಲ್ಲ. ಅವನಿಗೆ ಭಿಕ್ಷೆ ನೀಡುವ ಜನರಿಗೆ ಅವನ ಬಗ್ಗೆ ಒಳಗೊಳಗೆ ಒಂದು ಅಂಜಿಕೆಯೂ ಇತ್ತು. ಮೂಲದ ಕೊಳಲುಗಾರನಲ್ಲಿರುವ ಆಕರ್ಷಣೆ ಮತ್ತು ಭಯ ಎರಡೂ ಈ ಒಂದು ಪದದಲ್ಲಿ ಉಳಿದುಕೊಂಡವು. ಹಿರಿಯ ತರಗತಿಗಳಲ್ಲಿ ಬ್ರೌನಿಂಗನ ಕಥೆಯ ಸಾರಾಂಶವನ್ನು ಹೇಳಿ, ಕವಿ ಏನೇನನ್ನು ಬದಲಿಸಿದರು, ಏನನ್ನು ಹಾಗೆಯೇ ಇಟ್ಟರು ಎಂಬ ಪಟ್ಟಿಯನ್ನು ಮಕ್ಕಳಿಂದಲೇ ಮಾಡಿಸಬಹುದು. ಇದೇ ಕಥೆಯನ್ನು ಮುಂಬಯಿಗೆ ತಂದರೆ ನದಿ ಯಾವುದು, ಗೌಡ ಯಾರು, ವಾದ್ಯ ಯಾವುದು ಎಂದು ಕೇಳಿದರೆ ಸೃಜನಶೀಲ ಬರವಣಿಗೆಗೆ ಬೇರೆ ಪಾಠ ಬೇಕಾಗುವುದಿಲ್ಲ.

ಗಣಿತಕ್ಕೆ ಕಥೆಯೊಳಗೇ ಸಾಮಗ್ರಿ ಇದೆ. ಬ್ರೌನಿಂಗನ ಕವನದಲ್ಲಿ ಕೊಳಲುಗಾರ ಕೇಳುವುದು ೧೦೦೦ ಗಿಲ್ಡರ್. ಕೆಲಸ ಮುಗಿದ ಮೇಲೆ ಮೇಯರ್ ಕೊಡಲೊಪ್ಪುವುದು ೫೦. ಇದು ಎಷ್ಟನೆಯ ಒಂದು ಭಾಗ? ನೂರಕ್ಕೆ ಎಷ್ಟು? ಎಷ್ಟು ಬಾಕಿ? ಇಪ್ಪತ್ತರಲ್ಲಿ ಒಂದು ಭಾಗ, ನೂರಕ್ಕೆ ಐದು, ಬಾಕಿ ೯೫೦ ಎಂದು ಲೆಕ್ಕ ಮಾಡಿದ ಮಗುವಿಗೆ ಅನ್ಯಾಯದ ಪ್ರಮಾಣವೂ ಕಣ್ಣಿಗೆ ಕಾಣುತ್ತದೆ. ೧೩೦ ಮಕ್ಕಳೆಂದರೆ ನಮ್ಮ ಶಾಲೆಯ ಎಷ್ಟು ತರಗತಿಗಳು ಎಂದು ಎಣಿಸಿ ನೋಡಲಿ. ಖಾಲಿಯಾದ ಊರಿನ ಚಿತ್ರ ಆಗ ಮೂಡುತ್ತದೆ.

ಇಲಿಗಳ ವಿಷಯಕ್ಕೆ ಬಂದರೆ ಮುಂಬಯಿಯ ಮಗುವಿಗೆ ಅದು ಸ್ಥಳೀಯ ಇತಿಹಾಸವೇ ಆಗಿದೆ. ೧೮೯೬ರಲ್ಲಿ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡು ನಗರವನ್ನು ನಡುಗಿಸಿತು. ೧೮೯೭ರ ಜನವರಿಯಲ್ಲಿ ಹಾಫ್‌ಕಿನ್ ತಾನು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡದ್ದು ಇದೇ ನಗರದಲ್ಲಿ. ೧೮೯೮ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ, ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂಬುದನ್ನು ತೋರಿಸಿದನು. ಅದೇ ವರ್ಷ ರೋಗ ಬೆಂಗಳೂರನ್ನೂ ಮುಟ್ಟಿತು. ನಗರವನ್ನು ಗಾಳಿಬೆಳಕು ಬರುವಂತೆ ಮರುಯೋಜಿಸಲು ೧೮೯೮ರಲ್ಲಿ ಸ್ಥಾಪಿತವಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟಿನ ಯೋಜನೆಗಳಿಂದ ದಾದರ್–ಮಾಟುಂಗಾ ಬಡಾವಣೆಗಳು ಮೈದಾಳಿದವು. ೧೯೨೬ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ನೆಲೆಗೊಂಡಿರುವುದು ಆ ಮಾಟುಂಗಾದಲ್ಲಿಯೇ. ಹೀಗೆ ಒಂದು ಇಲಿಯ ಬಾಲ ಹಿಡಿದು ಹೊರಟರೆ ಕನ್ನಡ ಮಗು ತನ್ನ ಸಮುದಾಯ ನೆಲೆ ನಿಂತ ಬೀದಿಯನ್ನು ತಲಪುತ್ತದೆ. ಇಂದಿಗೂ ಮಳೆಗಾಲದಲ್ಲಿ ನಿಂತ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್ ರೋಗಕ್ಕೆ ಇಲಿಯ ಮೂತ್ರ ಮುಖ್ಯ ಕಾರಣವೆಂಬುದು ಆರೋಗ್ಯಪಾಠ. ಆದರೆ ಒಂದು ಎಚ್ಚರ ಅಗತ್ಯ. ಹಾಮೆಲ್ನ್ ಕಥೆ ಪ್ಲೇಗಿನ ಕಥೆ ಎಂದು ಕಲಿಸಬಾರದು. ಯುರೋಪನ್ನು ಪ್ಲೇಗು ಆವರಿಸಿದ್ದು ೧೩೪೭ರ ಅನಂತರ. ಐತಿಹ್ಯದ ವರ್ಷ ೧೨೮೪. ಕಥೆಯಿಂದ ಇತಿಹಾಸಕ್ಕೆ ಹೋಗಬಹುದು; ಕಥೆಯನ್ನೇ ಇತಿಹಾಸವೆನ್ನಬಾರದು. ಈ ವ್ಯತ್ಯಾಸವನ್ನು ಕಲಿಯುವುದೂ ಇತಿಹಾಸದ ಪಾಠವೇ.

ನಾಟಕದ ಮಾತೂ ಒಂದಿದೆ. ಈ ಕಥೆಯನ್ನು ಆಡಿಸುವಾಗ ಯಾವ ಮಗುವನ್ನೂ ಹೊರಗಿಡಬೇಕಾಗಿಲ್ಲ, ಇಲಿಗಳಿಗೆ ಲೆಕ್ಕವಿಲ್ಲ. ಮೊದಲ ಭಾಗದಲ್ಲಿ ಇಲಿಗಳಾದ ಗುಂಪನ್ನೇ ಎರಡನೆಯ ಭಾಗದಲ್ಲಿ ಊರಿನ ಮಕ್ಕಳನ್ನಾಗಿ ಮಾಡಬೇಕು. ಆಗ ಅದೇ ದಾರಿಯಲ್ಲಿ, ಅದೇ ವಾದ್ಯದ ಹಿಂದೆ ಎರಡನೆಯ ಸಲ ನಡೆಯುವಾಗ ಆಟದ ನಗು ತಾನಾಗಿಯೇ ಅಡಗುತ್ತದೆ. ಕಥೆಯ ರಚನೆಯ ಮರ್ಮ ಈ ಪುನರಾವೃತ್ತಿಯಲ್ಲಿದೆ ಎಂದು ನಾವು ಸ್ನಾತಕೋತ್ತರ ತರಗತಿಗಳಲ್ಲಿ ಉಪನ್ಯಾಸ ಮಾಡುತ್ತೇವೆ. ಮಗು ಅದನ್ನು ಕಾಲಿನಿಂದ ಕಲಿಯುತ್ತದೆ.

ನೈತಿಕ ಚರ್ಚೆಗೆ ಈ ಕಥೆಯನ್ನು 'ಗೋವಿನ ಹಾಡಿ'ನೊಡನೆ ಜೋಡಿಸುವುದು ಉಚಿತ. ತನ್ನನ್ನು ತಿನ್ನಲಿರುವ ಹುಲಿಗೂ ಕೊಟ್ಟ ಮಾತನ್ನು ಪುಣ್ಯಕೋಟಿ ಉಳಿಸಿಕೊಳ್ಳುತ್ತದೆ. ತನಗೆ ಉಪಕಾರ ಮಾಡಿದವನಿಗೂ ಕೊಟ್ಟ ಮಾತನ್ನು ಗೌಡ ಮುರಿಯುತ್ತಾನೆ. ಎರಡೂ ಕಥೆಗಳಲ್ಲಿ ಪಣಕ್ಕೆ ಬಿದ್ದಿರುವುದು ಮಕ್ಕಳ ಬಾಳು. ತಾಯಿಯ ಮಾತಿನ ಬೆಲೆಯನ್ನು ಕರು ತೆರಬೇಕಾಗಿ ಬರುತ್ತಿತ್ತು, ಆದರೆ ಹುಲಿಯ ಮನಸ್ಸು ಕರಗಿತು. ಊರಿನ ಹಿರಿಯನ ಸುಳ್ಳಿನ ಬೆಲೆಯನ್ನು ಮಕ್ಕಳು ತೆತ್ತೇಬಿಟ್ಟರು. ಮತ್ತೊಂದು ಅಂಶ: ಜೋಗಿ ಇಲ್ಲಿ ದುಡಿದು ಕೂಲಿ ಕೇಳಿದವನು. ಹೋಟೆಲುಗಳಲ್ಲಿ ದುಡಿಯುತ್ತ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಕನ್ನಡಿಗರ ಮೊಮ್ಮಕ್ಕಳಿಗೆ, ಇಂದೂ ದಿನಗೂಲಿಯಿಂದ ನಡೆಯುವ ಮನೆಗಳ ಮಕ್ಕಳಿಗೆ, ದುಡಿಸಿಕೊಂಡು ಕೂಲಿ ಕೊಡದಿರುವುದೆಂದರೇನು ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

೫

ಮೂರನೆಯ ನಿದರ್ಶನ ಸಿಂಡರೆಲಾಳದು. ನಮ್ಮ ಮಕ್ಕಳೆಲ್ಲರೂ ಅವಳನ್ನು ಬಲ್ಲರು. ಅವರು ಬಲ್ಲುದು ೧೯೫೦ರ ಡಿಸ್ನಿ ಚಲನಚಿತ್ರದಿಂದ ಇಳಿದುಬಂದ ಸಿಂಡರೆಲಾಳನ್ನು. ೧೮೯೩ರಲ್ಲಿಯೇ ಮೇರಿಯನ್ ಕಾಕ್ಸ್ ಎಂಬ ವಿದುಷಿ ಈ ಕಥೆಯ ಮತ್ತು ಅದರ ಬಳಗದ ೩೪೫ ಪಾಠಗಳನ್ನು ಕಲೆಹಾಕಿದ್ದಳು. ಒಂಬತ್ತನೆಯ ಶತಮಾನದ ಚೀನೀ ಗ್ರಂಥವೊಂದರಲ್ಲಿ ಯೆ ಷಿಯೆನ್ ಎಂಬ ಹುಡುಗಿಯ ರೂಪದಲ್ಲಿ ಅವಳಿದ್ದಾಳೆ. ಕನ್ನಡದಲ್ಲಿಯೂ ಅವಳಿದ್ದಾಳೆ, ಅವಳ ಹೆಸರು ಹಂಚಿ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಈ ಕಥೆ, ಅವರ ವಿವೇಚನೆಯೊಡನೆ, ೧೯೮೨ರಲ್ಲಿ ಅಲನ್ ಡಂಡೆಸ್ ಸಂಪಾದಿಸಿದ ಸಿಂಡರೆಲಾ ಅಧ್ಯಯನಗಳ ಸಂಪುಟದಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಕನ್ನಡದ ಹುಡುಗಿಯೊಬ್ಬಳು ಲೋಕದ ವಿದ್ವಾಂಸರಿಗೆ ಪರಿಚಿತಳಾದರೂ ಮುಂಬಯಿಯ ಕನ್ನಡ ಶಾಲೆಯ ಮಕ್ಕಳಿಗೆ ಅಪರಿಚಿತಳಾಗಿಯೇ ಉಳಿದಳು.

ಹಂಚಿಯದು ಹೊನ್ನಿನ ಕೂದಲು. ತಾಯಿ ಅವಳ ರೂಪವನ್ನು ಮಣ್ಣಿನ ಮುಖವಾಡದಿಂದ ಮುಚ್ಚಿ ಮನೆಯಿಂದ ಹೊರಗೆ ಕಳುಹಿಸುತ್ತಾಳೆ; ಹಂಚಿನ ಮುಖದವಳಾದ್ದರಿಂದ ಅವಳು ಹಂಚಿ. ಸಾಹುಕಾರನ ಮನೆಯಲ್ಲಿ ಅಡುಗೆಯವಳಾಗುತ್ತಾಳೆ. ಮುಖವಾಡದ ಹಿಂದಿನ ರೂಪ ಆ ಮನೆಯ ಮಗನ ಕಣ್ಣಿಗೆ ಬಿದ್ದು ಮದುವೆಯಾಗುತ್ತದೆ. ಪೆರೋವಿನ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಹಂಚಿಯ ಕಥೆ ಮುಗಿಯುವುದಿಲ್ಲ. ಮದುವೆಯ ಅನಂತರ ಅವಳ ಮೇಲೆ ಸುಳ್ಳು ಅಪವಾದ ಬರುತ್ತದೆ. ಅವಳು ಮನೆಯಿಂದ ಹೊರಬೀಳುತ್ತಾಳೆ. ಕೊನೆಗೆ ಅವಳ ಕೈಯಡುಗೆಯ ರುಚಿಯೇ ಅವಳನ್ನು ಗುರುತಿಸಲು ನೆರವಾಗುತ್ತದೆ. ಹೆಂಗಸರು ಹೇಳುವ ಕಥೆಗಳಲ್ಲಿ ಮದುವೆ ಕಥೆಯ ಅಂತ್ಯವಲ್ಲ, ಕಷ್ಟಗಳ ಆರಂಭ ಎಂಬುದನ್ನು ರಾಮಾನುಜನ್ ತೋರಿಸಿಕೊಟ್ಟಿದ್ದಾರೆ. ಹೂವಿನ ಗಿಡವಾಗುವ ಹುಡುಗಿಯ ಕಥೆಯೂ ಇದೇ ಜಾತಿಯದು. ಗಿರೀಶ ಕಾರ್ನಾಡರು ೧೯೯೨ರಲ್ಲಿ 'ಚೆಲುವಿ' ಎಂಬ ಹಿಂದಿ ಚಿತ್ರವನ್ನು ಮಾಡಿದ್ದು ಈ ಕಥೆಯನ್ನು ಆಧರಿಸಿಯೇ. ಗಿಡದ ಕೊಂಬೆ ಮುರಿದರೆ ಹೆಣ್ಣಿನ ಕೈಕಾಲು ಮುರಿಯುವ ಆ ಕಥೆಗಿಂತ ಪರಿಣಾಮಕಾರಿಯಾದ ಪರಿಸರ ಪಾಠವನ್ನು ನಾನು ಬೇರೆ ಕಂಡಿಲ್ಲ.

ಪೆರೋವಿನ ಗಾಜಿನ ಪಾದರಕ್ಷೆ, ಗ್ರಿಮ್ ಪಾಠದ ಚಿನ್ನದ ಪಾದರಕ್ಷೆ, ಹಂಚಿಯ ಅಡುಗೆ—ಈ ಮೂರು ಗುರುತುಗಳನ್ನು ಹೋಲಿಸಿ ನೋಡಿದರೆ ಬೇರೆಬೇರೆ ಸಮಾಜಗಳು ಹೆಣ್ಣನ್ನು ಯಾವುದರಿಂದ ಗುರುತಿಸಿದವು ಎಂಬ ಪ್ರಶ್ನೆ ಏಳುತ್ತದೆ. ಕಾಲಿನ ಅಳತೆ ಅವಳು ಸಂಪಾದಿಸಿದ್ದಲ್ಲ; ಕೈಯ ರುಚಿ ಅವಳು ಕಲಿತದ್ದು. ಐದನೆಯ ತರಗತಿಯ ಮಕ್ಕಳು ಈ ವ್ಯತ್ಯಾಸವನ್ನು ಸುಲಭವಾಗಿ ಗ್ರಹಿಸಬಲ್ಲರು. ಅಡುಗೆ ಹೆಣ್ಣಿಗೇ ಏಕೆ ಎಂದು ಅವರಲ್ಲೊಬ್ಬರು ಕೇಳಿದರೆ ಅದೂ ಸ್ವಾಗತಾರ್ಹ.

ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ಮರೆಮಾಚಬಾರದು. ಸಂಗ್ರಹಿತ ಪಾಠದಲ್ಲಿ ತಾಯಿ ಮಗಳ ಮುಖವನ್ನು ಮುಚ್ಚುವುದು ಒಡಹುಟ್ಟಿದ ಅಣ್ಣನೇ ಅವಳನ್ನು ಬಯಸಿದನೆಂಬ ಕಾರಣಕ್ಕೆ. ಇದನ್ನು ಪ್ರಾಥಮಿಕ ತರಗತಿಯಲ್ಲಿ ಹೇಳಲು ಬರುವುದಿಲ್ಲ. ಮನೆಯಲ್ಲಿ ಅಪಾಯವಿತ್ತು, ಆದ್ದರಿಂದ ತಾಯಿ ಮಗಳನ್ನು ಕಾಪಾಡಿದಳು ಎಂದಷ್ಟೇ ಹೇಳಬಹುದು. ಅದು ಸುಳ್ಳೂ ಅಲ್ಲ. ಆದರೆ ಶಿಕ್ಷಕರಿಗೆ ಪೂರ್ಣಪಾಠ ತಿಳಿದಿರಬೇಕು. ಕಥೆಯನ್ನು ಕೇಳಿ ಯಾವುದಾದರೂ ಮಗು ಮೌನವಾದರೆ ಆ ಮೌನವನ್ನು ಗಮನಿಸುವ ಸಿದ್ಧತೆ ಆಗ ಅವರಿಗಿರುತ್ತದೆ. ಬ್ರೂನೋ ಬೆಟೆಲ್‌ಹೈಮ್ ೧೯೭೬ರ ತನ್ನ ಗ್ರಂಥದಲ್ಲಿ, ಮಗು ತನ್ನ ಹೇಳಿಕೊಳ್ಳಲಾಗದ ಭಯಗಳಿಗೆ ಕಿನ್ನರಕಥೆಯಲ್ಲಿ ರೂಪ ಕಂಡುಕೊಳ್ಳುತ್ತದೆ ಎಂದು ವಾದಿಸಿದನು. ಅವನ ಎಲ್ಲ ವ್ಯಾಖ್ಯಾನಗಳನ್ನು ಒಪ್ಪಬೇಕಾಗಿಲ್ಲ. ಕಥೆಯ ಭಯವನ್ನೆಲ್ಲ ತೊಳೆದು ಕೊಡುವುದರಿಂದ ಮಗುವಿನ ಭಯ ಹೋಗುವುದಿಲ್ಲ ಎಂಬಷ್ಟನ್ನು ಒಪ್ಪಬಹುದು.

೬

ಈ ಕ್ರಮಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಪರಿಶೀಲಿಸಬೇಕು. ಮೊದಲನೆಯದು, ಕಥೆಯನ್ನು ಎಲ್ಲ ವಿಷಯಗಳಿಗೂ ದುಡಿಸಿಕೊಂಡರೆ ಕಥೆಯ ಸ್ವಾರಸ್ಯ ಕೆಡುವುದಿಲ್ಲವೇ? ಕೆಡುತ್ತದೆ, ಕ್ರಮ ತಪ್ಪಿದರೆ. ಆದ್ದರಿಂದ ಮೊದಲ ದಿನ ಕಥೆಯನ್ನು ಕೇವಲ ಹೇಳಬೇಕು. ಓದಬಾರದು, ಪ್ರಶ್ನೆ ಕೇಳಬಾರದು, ನೀತಿ ಹೇಳಬಾರದು. ಎರಡನೆಯ ದಿನ ಮಕ್ಕಳ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಬೇಕು. ಯಾವ ವಿಷಯದ ಕಡೆಗೆ ಕಥೆ ಹೊರಳಬೇಕೆಂಬುದನ್ನು ಆ ಪ್ರಶ್ನೆಗಳೇ ಸೂಚಿಸುತ್ತವೆ. ಎರಡನೆಯ ಆಕ್ಷೇಪ ಸಮಯದ್ದು. ಆದರೆ ಇಲ್ಲಿ ಹೊಸ ಪಠ್ಯವನ್ನು ಸೇರಿಸುತ್ತಿಲ್ಲ. ಭಿನ್ನರಾಶಿ, ನದಿ, ರೋಗ, ವಸ್ತುಗಳ ಗುಣ ಇವೆಲ್ಲ ಈಗಾಗಲೇ ಪಠ್ಯಕ್ರಮದಲ್ಲಿವೆ. ೧೯೬೭ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿ ಸಂಸ್ಥೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತಿದೆ. ಅವುಗಳೊಡನೆ ಇಂಥ ಕಥಾಘಟಕಗಳನ್ನು ಹೊಂದಿಸುವುದು ಕಷ್ಟದ ಕೆಲಸವಲ್ಲ.

ಮೂರನೆಯದು ಗಂಭೀರವಾದುದು: ಕಥೆ ಹೇಳುವವರು ಎಲ್ಲಿದ್ದಾರೆ? ಊರಿನಲ್ಲಿ ಉಳಿದ ಅಜ್ಜಿ ರಜೆಯಲ್ಲಿ ಮಾತ್ರ ಸಿಗುತ್ತಾಳೆ. ಅನೇಕ ಮನೆಗಳಲ್ಲಿ ಅಜ್ಜಿಗೂ ಮೊಮ್ಮಗುವಿಗೂ ನಡುವೆ ಒಂದು ಭಾಷೆಯೇ ಪೂರ್ತಿಯಾಗಿ ಉಳಿದಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಉತ್ತರ ಕರ್ನಾಟಕದ ಕನ್ನಡವೋ, ಬೀದಿಯಲ್ಲಿ ಹಿಂದಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿರುವಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತು ಅಥವಾ ಪ್ರಾದೇಶಿಕ ಭಾಷೆ ಬೋಧನಮಾಧ್ಯಮವಾಗಬೇಕೆಂದು ಹೇಳುತ್ತದೆ. ಹೊರನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿರುವುದನ್ನು ಬಲ್ಲ ನಮಗೆ ಈ ಮಾತು ಸಮಾಧಾನಕ್ಕಿಂತ ಹೆಚ್ಚಾಗಿ ಸಂಕಟವನ್ನು ತರುತ್ತದೆ. ಈ ಸ್ಥಿತಿಯಲ್ಲಿ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳ ಹೊಣೆ ಏನು? ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಜಾನಪದವನ್ನು ಓದುತ್ತಾರೆ, ಪ್ರಾಪ್‌ನ ಮೂವತ್ತೊಂದು ಕ್ರಿಯಾಘಟಕಗಳನ್ನು ಪರೀಕ್ಷೆಯಲ್ಲಿ ಬರೆಯುತ್ತಾರೆ. ಒಬ್ಬೊಬ್ಬ ವಿದ್ಯಾರ್ಥಿ ತನ್ನ ಕುಟುಂಬದ ಅಥವಾ ನೆರೆಹೊರೆಯ ಹಿರಿಯರಿಂದ ಮೂರು ಕಥೆಗಳನ್ನು ಅವರ ಮಾತಿನಲ್ಲಿಯೇ ದಾಖಲಿಸಿ, ಅವುಗಳಲ್ಲಿ ಒಂದನ್ನು ಒಂದು ಪ್ರಾಥಮಿಕ ತರಗತಿಯಲ್ಲಿ ಹೇಳಿ ಬರುವುದನ್ನು ವ್ಯಾಸಂಗದ ಭಾಗವನ್ನಾಗಿ ಮಾಡಬಹುದು. ಕನ್ನಡ ಶಾಲೆ ಇಲ್ಲದಲ್ಲಿ ಕನ್ನಡ ಸಂಘದ ಭಾನುವಾರದ ತರಗತಿ ಸಾಕು. ಸಂಶೋಧನೆಯೂ ಆಯಿತು, ಸಾಲ ತೀರಿಸಿದಂತೆಯೂ ಆಯಿತು.

೭

ಕೊನೆಯ ಬೆಂಚಿನ ಆ ಹುಡುಗಿಯ ಪ್ರಶ್ನೆಗೆ ಮರಳೋಣ. ಹಾಮೆಲ್ನ್ ಮಕ್ಕಳ ಬಗ್ಗೆ ಅನೇಕ ವಿದ್ವಾಂಸರು ಒಪ್ಪುವ ಒಂದು ವಿವರಣೆ ವಲಸೆಯದು. ಹದಿಮೂರನೆಯ ಶತಮಾನದಲ್ಲಿ ಜರ್ಮನಿಯ ಪೂರ್ವದ ಹೊಸ ನೆಲಗಳಲ್ಲಿ ಬೀಡುಬಿಡಲು ಯುವಜನರನ್ನು ಕರೆದೊಯ್ಯುವ ದಳ್ಳಾಳಿಗಳು ಊರೂರು ತಿರುಗುತ್ತಿದ್ದರು. ಬಣ್ಣದ ಉಡುಪಿನ ಕೊಳಲುಗಾರ ಅಂಥವನೊಬ್ಬನಾಗಿರಬಹುದು. 'ಮಕ್ಕಳು' ಎಂದರೆ ಆ ಊರಿನ ಮಕ್ಕಳಾದ ತರುಣತರುಣಿಯರಾಗಿರಬಹುದು. ಬ್ರೌನಿಂಗನ ಕವನದ ಕೊನೆಗೂ ದೂರದ ಟ್ರಾನ್ಸಿಲ್ವೇನಿಯಾದಲ್ಲಿ ಬೇರೆ ಉಡುಪು, ಬೇರೆ ನಡೆನುಡಿಯ ಒಂದು ಜನಾಂಗದ ಪ್ರಸ್ತಾಪ ಬರುತ್ತದೆ. ಹಾಗಿದ್ದರೆ ಆ ಮಕ್ಕಳು ಸಾಯಲಿಲ್ಲ, ಬೇರೆಲ್ಲಿಯೋ ಬಾಳಿದರು. ಊರಿನ ದುಃಖ ಮಾತ್ರ ಕಥೆಯಾಗಿ ಉಳಿಯಿತು.

ಹೊರನಾಡ ಕನ್ನಡಿಗರಾದ ನಾವು ಹೀಗೆ ಹೊರಟುಬಂದವರ ಮಕ್ಕಳು. ನಮ್ಮ ಮಕ್ಕಳು ಈಗ ಮತ್ತೊಂದು ವಾದ್ಯದ ಹಿಂದೆ ನಡೆದಿದ್ದಾರೆ. ಅವರನ್ನು ದೂಷಿಸುವುದಾಗಲಿ ಆ ವಾದ್ಯವನ್ನು ದೂಷಿಸುವುದಾಗಲಿ ಸರಿಯಲ್ಲ. ಹಿರಿಯರು ಕೊಡಬೇಕಾದುದನ್ನು ಕೊಡದೆ ಹೋದಾಗ ಮಕ್ಕಳು ಹೋಗುತ್ತಾರೆ ಎಂಬುದೇ ಆ ಹುಡುಗಿಯ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ. ನಾವು ಕೊಡಬೇಕಾಗಿರುವ ಬಾಕಿಯಲ್ಲಿ ಕಥೆಗಳೂ ಸೇರಿವೆ. ಅವನ್ನು ಭಾಷಾಪುಸ್ತಕದ ಕೊನೆಯ ಅಭ್ಯಾಸಪ್ರಶ್ನೆಗಳಿಂದ ಬಿಡಿಸಿ, ಗಣಿತದ ಅವಧಿಯೊಳಕ್ಕೂ ಚಿತ್ರದ ಅವಧಿಯೊಳಕ್ಕೂ ಮಗುವಿನ ಜೊತೆಗೆ ಹೋಗಗೊಡುವುದು ನಮ್ಮ ಪ್ರಾಥಮಿಕ ಶಾಲೆಗಳಿಗೆ ಸಾಧ್ಯವಿದೆ. ಗಂಟೆ ಬಾರಿಸಿದ ಮೇಲೆಯೂ ಅಂದಿನ ಆ ಪ್ರಶ್ನೆಗಾಗಿ ಐದು ನಿಮಿಷ ನಿಲ್ಲುವುದರಿಂದ ಅದನ್ನು ಆರಂಭಿಸಬಹುದು.